ಮಧ್ಯಮ ಪುರುಷ

ಬೆಳಗಿನ ಒಂಬತ್ತೂವರೆಗೆ, ಪ್ರಾರ್ಥನೆಯ ಗಂಟೆ ಇನ್ನೂ ಹೊಡೆಯುವ ಮೊದಲೇ, ಸುಂದರೇಶ ಹೊಸ ಹೆಡ್‌ಮಾಸ್ಟರನ್ನು "ಊಟ ಆಯ್ತಾ?" ಎಂದು ಕೇಳಿಬಿಟ್ಟ. ಸ್ಟಾಫ್ ರೂಮಿನಲ್ಲಿ ಕೂತಿದ್ದ ವಿಜ್ಞಾನದ ಭಾನುಮತಿ ಮೇಡಂ ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಸುಂದರೇಶನನ್ನು ನೋಡಿದರು. ಹೊಸ ಹೆಡ್‌ಮಾಸ್ಟರ್ ನಿರಂಜನ್ ಮಾತ್ರ "ಆಯ್ತು, ಆಯ್ತು" ಎಂದು ಆತುರಾತುರವಾಗಿ ಹೇಳಿ ತನ್ನ ಕೋಣೆಗೆ ಹೋದ.

ಸುಂದರೇಶನ ತಪ್ಪೇನೂ ಇರಲಿಲ್ಲ. ಎದುರಿಗಿರುವವನು ನೀನೋ ನೀವೋ ಎಂದು ತೀರ್ಮಾನಿಸದೆ ಕನ್ನಡದಲ್ಲಿ ಕೇಳಬಹುದಾದ ಪ್ರಶ್ನೆಗಳು ಬಹಳ ಕಡಿಮೆ. ಕಾಫಿಗೆ ಬರ್ತೀಯಾ ಎಂದರೆ ಒಂದಾಯಿತು, ಬರ್ತೀರಾ ಎಂದರೆ ಇನ್ನೊಂದು. ಸರ್ವನಾಮವನ್ನು ನುಂಗಿಕೊಂಡರೂ ಕ್ರಿಯಾಪದದ ಬಾಲ ಹೊರಗೇ ಉಳಿಯುತ್ತದೆ.

ಹೋದ ಶನಿವಾರದವರೆಗೆ ಈ ತಾಪತ್ರಯ ಇರಲಿಲ್ಲ. ಇಬ್ಬರೂ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದು ಓದಿ, ಬನ್ನಿಮಂಟಪದ ಈ ಹೈಸ್ಕೂಲಿಗೆ ಒಂದೇ ವರ್ಷ ಇಂಗ್ಲಿಷ್ ಮೇಷ್ಟ್ರಾಗಿ ಸೇರಿದವರು. ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ "ಲೋ ಗೂಬೆ, ನಿಂತ್ಕೊಳೋ" ಎಂದು ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತಿದ್ದವರು. ಸುಂದರೇಶನಿಗೆ ಅಂಥ ಸ್ನೇಹಿತ ಬೇರೆ ಇರಲಿಲ್ಲ. ಈ ವಯಸ್ಸಿನಲ್ಲಿ ಹೊಸದಾಗಿ ಯಾರನ್ನೂ ಗೂಬೆ ಎನ್ನಲು ಆಗುವುದಿಲ್ಲ. ಹೆಡ್‌ಮಾಸ್ಟರ್ ಹುದ್ದೆಗೆ ಅವನು ಅರ್ಜಿಯನ್ನೇ ಹಾಕಿರಲಿಲ್ಲ, ಆದ್ದರಿಂದ ಹೊಟ್ಟೆಕಿಚ್ಚೂ ಇರಲಿಲ್ಲ. ಇದ್ದದ್ದು ಶುದ್ಧ ವ್ಯಾಕರಣದ ತೊಂದರೆ. ಎಲ್ಲರೆದುರು ನೀನು ಎಂದರೆ ಅಧಿಕಾರಕ್ಕೆ ಬಂದ ಮೊದಲ ವಾರವೇ ಸ್ನೇಹಿತನ ಮರ್ಯಾದೆ ತೆಗೆದಂತೆ. ನೀವು ಎಂದರೆ ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ನಗದೆ ಹೋದರೆ ಇನ್ನೂ ಕಷ್ಟ.

"ಈಗ ಏನಂತ ಕರೀತೀರಿ ಸುಂದರೇಶ್, ಅವರನ್ನ?" ಎಂದರು ಭಾನುಮತಿ.

"ಕರೆಯೋ ಸಂದರ್ಭಾನೇ ಬಂದಿಲ್ಲ ಮೇಡಂ."

"ಬರುತ್ತೆ ಕಣ್ರೀ. ಎಷ್ಟು ದಿನ ಅಂತ ಊಟ ಕೇಳ್ತೀರಿ? ಏಕವಚನ ಬುಟ್ರೆ ಸ್ನೇಹ ಹೋಯ್ತು, ಬುಡದಿದ್ರೆ ಇನ್‌ಕ್ರಿಮೆಂಟ್ ಹೋಯ್ತು. ನಾನು ನಮ್ಮೆಜಮಾನ್ರಿಗೆ ಮದುವೆ ಆದಾಗಿಂದ ಬರೀ 'ರೀ' ಅಂದ್ಕೊಂಡು ಬಂದಿದೀನಿ. ನೀವೂ ಹಂಗೇ ಅನ್ನಿ."

"ಅದು ಬೇರೆ ಥರ ಆಗುತ್ತೆ ಮೇಡಂ."

ಆ ವಾರ ಸುಂದರೇಶ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಪೀರಿಯಡ್ಡು ಬದಲಾಯಿಸಬೇಕಾದಾಗ ಇಂಡೆಫಿನಿಟ್ ಪ್ರೊನೌನಿನ ಮೊರೆಹೊಕ್ಕು, "ಯಾರಾದ್ರೂ ಟೈಂ ಟೇಬಲ್ ನೋಡಿದ್ರೆ ಒಳ್ಳೇದಿತ್ತು" ಎಂದು ಹೆಡ್‌ಮಾಸ್ಟರ ಹಿಂದಿನ ಗೋಡೆಗೆ ಹೇಳಿದ. ಸಹಿ ಬೇಕಾದಾಗ ಡೆಮಾನ್‌ಸ್ಟ್ರೇಟಿವ್: ಕಾಗದ ಮುಂದಿಟ್ಟು, ಬೆರಳು ತೋರಿಸಿ, "ಇದು, ಇಲ್ಲಿ." ನೀರಿನ ಟ್ಯಾಂಕು ಸೋರಿದ ದಿನ ಬೇರೆ ದಾರಿ ಕಾಣದೆ ಪೂರ್ತಿ ಇಂಗ್ಲಿಷಿಗೇ ಹೋದ: "ಹ್ಯಾವ್ ಯೂ ಸೀನ್ ದ ಟ್ಯಾಂಕ್?" ನಿರಂಜನ್, "ಐ ಹ್ಯಾವ್, ಐ ಹ್ಯಾವ್" ಎಂದ. ಹಾಸ್ಟೆಲಿನಲ್ಲಿ ಒಂದು ಬಕೆಟ್ಟಿಗಾಗಿ ಕಿತ್ತಾಡಿದ್ದ ಇಬ್ಬರು ಸೋರುವ ಟ್ಯಾಂಕಿನ ಕೆಳಗೆ ನಿಂತು ಹೀಗೆ ಮಾತಾಡಿದ್ದನ್ನು ಕೇಳಿ ಅಟೆಂಡರ್ ಮಹದೇವು, ಯಾವುದೋ ಇನ್‌ಸ್ಪೆಕ್ಷನ್ ಬಂದಿದೆ ಎಂದುಕೊಂಡು ಅಂಗಿಯ ಗುಂಡಿ ಹಾಕಿಕೊಂಡ.

ಶುಕ್ರವಾರ ಎಂಟನೇ ಕ್ಲಾಸಿಗೆ ಪ್ರೊನೌನ್ ಪಾಠವೇ ಬಂತು. ಪರ್ಸನಲ್, ಪೊಸೆಸಿವ್, ರಿಫ್ಲೆಕ್ಸಿವ್ ಎಂದು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ ಮುಂದಿನ ಬೆಂಚಿನ ಬಿಂದು ಎದ್ದು ನಿಂತಿದ್ದಳು.

"ಸಾರ್, ಯೂ ಅಂದ್ರೆ ನೀನಾ, ನೀವಾ?"

"ಎರಡೂ ಕಣಮ್ಮ."

"ಮತ್ತೆ ಎದುರಿಗಿರೋರು ದೊಡ್ಡೋರಾ ಚಿಕ್ಕೋರಾ ಅಂತ ಎಂಗೆ ಗೊತ್ತಾಗುತ್ತೆ ಸಾರ್?"

"ಗೊತ್ತಾಗಲ್ಲ. ಅದೇ ಅದರ ಸುಖ."

ಕ್ಲಾಸು ನಕ್ಕಿತು. ರೌಂಡ್ಸಿಗೆ ಬಂದಿದ್ದ ನಿರಂಜನ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು, ನಗದೆ ಮುಂದೆ ಹೋದ. ಗಂಟೆ ಹೊಡೆದ ಮೇಲೆ ಮಹದೇವು ಬಂದು, "ಎಚ್ಚೆಮ್ಮು ಸಾಹೇಬ್ರು ಕರೀತಾವ್ರೆ ಸಾ" ಎಂದ.

ಹೆಡ್‌ಮಾಸ್ಟರ ಕೋಣೆ ಕಾರಿಡಾರಿನ ಕೊನೆಗೆ. ಅಲ್ಲಿಗೆ ತಲುಪುವಷ್ಟರಲ್ಲಿ ಸುಂದರೇಶ ಒಂದು ತೀರ್ಮಾನಕ್ಕೆ ಬಂದಿದ್ದ: ನಾಲ್ಕು ಜನರೆದುರು ನೀವು, ಸಾರ್; ಇಬ್ಬರೇ ಇದ್ದಾಗ ನೀನು, ಲೋ. ಇಷ್ಟು ಸುಲಭದ್ದು ಇಷ್ಟು ದಿನ ಹೊಳೆಯಲಿಲ್ಲವಲ್ಲ ಎನ್ನಿಸಿ ಎದೆ ಹಗುರಾಯಿತು. ಒಳಗೆ ಹೋದ, ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ, ಬಾಗಿಲು ಮುಚ್ಚಿದ, ಕುರ್ಚಿ ಎಳೆದು ಧೊಪ್ಪನೆ ಕೂತ.

"ಲೋ, ಆ ಕುರ್ಚಿ ನಿಂಗೆ ವಸಿ ದೊಡ್ಡದಾಯ್ತು ಕಣೋ," ಎಂದ. "ನಾಡಿದ್ದು ಬೆಟ್ಟಕ್ಕೆ ಬರ್ತೀಯಾ ತಾನೇ?"

ನಿರಂಜನ್ ಮೇಜಿನ ಮೇಲಿನ ಪೇಪರ್‌ವೇಟನ್ನು ಸ್ವಲ್ಪ ಆಚೆಗೆ ಸರಿಸಿದ. ಫೀಸು ಕಡಿಮೆ ಮಾಡಿ ಎಂದು ಕೇಳಲು ಬಂದ ಪೋಷಕರಿಗೆ ತೋರಿಸುವಂಥ ನಗೆಯೊಂದು ಅವನ ಮುಖದ ಮೇಲೆ ಬಂತು.

"ಬನ್ನಿ ಸುಂದರೇಶ್," ಎಂದ. "ಕೂತ್ಕೊಳ್ಳಿ. ಪಾಠ ಚೆನ್ನಾಗಿ ಮಾಡ್ತಿದ್ರಿ."

ವಾರವಿಡೀ ತಾನು ಕೊಡಬೇಕಾದ ಸರ್ವನಾಮದ ಚಿಂತೆಯಲ್ಲೇ ಇದ್ದ ಸುಂದರೇಶನಿಗೆ, ತನ್ನ ಪಾಲಿಗೂ ಒಂದು ಬರಬಹುದೆಂದು ಹೊಳೆದೇ ಇರಲಿಲ್ಲ. ಆಗಲೇ ಕೂತಿದ್ದವನು ಎದ್ದು ನಿಂತ. ಆಮೇಲೆ, ಹೇಳಿದ್ದಾರಲ್ಲ ಎಂದು, ಮತ್ತೆ ಕೂತ.