ಡೂಗಲ್ ಬಂಡೆ

ಊರಿನ ಸಭಾಭವನದ ಗೋಡೆಗೆ ತೂಗುಹಾಕಿದ್ದ ಪ್ರಪಂಚದ ಭೂಪಟಕ್ಕೆ ಎಫೀ ಕೆಂಪು ಪಿನ್ನುಗಳನ್ನು ಚುಚ್ಚುತ್ತಿದ್ದಳು. ನಾಳೆ ಲಾಮಂಟ್ ಮನೆತನದವರ ಕೂಟ. ಕೆನಡಾದಲ್ಲೊಂದು, ಅಮೆರಿಕದಲ್ಲೊಂದು, ಲಾಮಂಟ್ ಎಂಬ ಹೆಸರಿನ ಊರಿಗೆಲ್ಲ ಒಂದೊಂದು ಪಿನ್ನು. ಪಕ್ಕದಲ್ಲಿ ಮನೆತನದ ಹೆಸರಾಂತ ಸೇನಾಪತಿಗಳ, ಪಾದ್ರಿಗಳ ಚಿತ್ರಗಳು.

"ನಮ್ಮೋರು ಕಾಲಿಟ್ಟ ಕಡೆಗೆಲ್ಲ ಹೆಸರಿಟ್ಟವ್ರೆ. ಇಲ್ಲಿ ಒಂದು ನಾಯಿಗೆ ಹೆಸರಿಡೋಕೂ ಜಗಳ!" ಎಂದ ಮುದಿ ಮೀನುಗಾರ ಆರ್ಚಿ. ಕೂಟಕ್ಕೆಂದು ಕೆನಡಾದಿಂದ ಬಂದಿದ್ದ ಹುಡುಗಿಯೊಬ್ಬಳು ನಕ್ಕು, ಕಿಟಕಿಯಾಚೆ ಕಡಲಿನತ್ತ ಕೈ ತೋರಿಸಿದಳು. "ಅಜ್ಜ, ಆ ಕಪ್ಪು ಬಂಡೆಗೇನಂತೀರಿ?"

"ಅದಾ? ಡೂಗಲ್ ಬಂಡೆ," ಎಂದವನೇ ಆರ್ಚಿ ಟೋಪಿ ತೆಗೆದ. "ತಪ್ಪಾಯ್ತು ಕಣೇ ಎಫೀ. ದೋಣಿಯೋರೆಲ್ಲ ಹಂಗೇ ಅಂತೀವಿ. ನಿನ್ನೆದುರಿಗೆ ಮಾತ್ರ ಅನ್ನಲ್ಲ."

ಕಳೆದ ಚಳಿಗಾಲದಲ್ಲಿ ಎಫೀಯ ಮಗ ಡೂಗಲ್‌ನ ದೋಣಿ ಒಡೆದದ್ದು ಆ ಬಂಡೆಗೆ ಬಡಿದೇ. ದೇಹ ಸಿಕ್ಕಿರಲಿಲ್ಲ. ಅದೊಂದನ್ನೇ ಹಿಡಿದುಕೊಂಡು ಅವಳು ಮನೆತನದ ಗೋರಿಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಲು ಒಪ್ಪಿರಲಿಲ್ಲ. ಈಗ ಅವಳನ್ನು ಕೇಳದೆಯೇ ಕಡಲಿನ ಕಲ್ಲು ಆ ಹೆಸರನ್ನು ಹೊತ್ತು ನಿಂತಿತ್ತು.

"ಇರ್ಲಿ ಬಿಡು ಆರ್ಚಿ, ಚಹಾ ಆರೋಗತ್ತೆ," ಎಂದಳು. ಭೂಪಟದಲ್ಲಿ ಬಂಡೆಯಿರಬೇಕಾದ ಕಡೆ ಬರೀ ನೀಲಿ. ಉಳಿದಿದ್ದ ಒಂದು ಪಿನ್ನನ್ನು ಯಾರೂ ಕಾಣದಂತೆ ಜೇಬಿಗೆ ಹಾಕಿಕೊಂಡಳು. ಎಲ್ಲರೂ ಮನೆಗೆ ಹೋಗಲಿ, ಆ ನೀಲಿಯಲ್ಲಿ ಅದನ್ನು ನಾನೇ ಚುಚ್ಚುತ್ತೇನೆ ಎಂದುಕೊಂಡಳು.