ತಟ್ಟೆಯಂಚಿನ ಚರೆ

ಹಾಲ್ವರ್ ಅಂಗಿಯ ಜೇಬಿನಲ್ಲಿ ಕೋವಿಯ ತೋಟಾದಿಂದ ತೆಗೆದ ಮೂರು ಸೀಸದ ಚರೆ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಒಲೆಯ ಮೇಲೆ ಕ್ರಿಸ್‌ಮಸ್ ಊಟಕ್ಕೆ ಐದು ಬೆಟ್ಟದ ಕೋಳಿಗಳು ಬೇಯುತ್ತಿದ್ದವು. ಒಂದು ಚರೆಯಾದರೂ ಆ ಮಾಂಸದೊಳಗೆ ಸೇರಬೇಕಿತ್ತು. ಹೆಂಡತಿ ರಗ್ನಿ ಒಲೆ ಬಿಟ್ಟು ಕದಲುತ್ತಿರಲಿಲ್ಲ.

"ಏನು, ಬೆಕ್ಕಿನ ಹಾಗೆ ಸುಳಿದಾಡ್ತಿದೀಯ?"

"ಉಪ್ಪು ನೋಡೋಣ ಅಂತ."

"ನಲವತ್ತೆಂಟು ವರ್ಷದಲ್ಲಿ ಒಂದು ದಿನ ನೋಡಿದವನಲ್ಲ. ಹೋಗು, ಸೌದೆ ತಗೊಂಡ್ಬಾ."

ಸೌದೆ ತಂದ. ಅವಳು ಅಲ್ಲೇ ಇದ್ದಳು.

ಸಂಗತಿ ಇಷ್ಟೇ. ಹೋದ ವರ್ಷ ಹಾಲ್ವರ್ ಬೆಟ್ಟದಲ್ಲಿ ಹಿಮ ಹೊದ್ದ ಕಲ್ಲೊಂದನ್ನು ಹಕ್ಕಿ ಎಂದುಕೊಂಡು ಗುಂಡು ಹಾರಿಸಿದ್ದ. ಎರಡನೆಯ ಗುಂಡನ್ನೂ ಅದಕ್ಕೇ ಹಾರಿಸಿದ. ಪಕ್ಕದಲ್ಲಿ ನಿಂತು ನೋಡಿದವನು ರಗ್ನಿಯ ಅಣ್ಣ ಐವಿನ್. ಪೊಲೀಸ್ ಕೆಲಸದಿಂದ ನಿವೃತ್ತನಾದವನು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡ ದಾಖಲೆ ಇಲ್ಲ. ಆ ಕ್ರಿಸ್‌ಮಸ್ ಊಟದಲ್ಲಿ ಎಲ್ಲರೆದುರು ಹೇಳಿಬಿಟ್ಟ:

"ಮುಂದಿನ ವರ್ಷ ನೀನು ಹೊಡೆದ ಹಕ್ಕಿ ತಿನ್ನೋವಾಗ ನನ್ನ ಹಲ್ಲಿಗೆ ಚರೆ ಸಿಗ್ಬೇಕು. ಸಿಗ್ಲಿಲ್ವೋ, ಕೋವಿ ಬೀರುವಿನ ಬೀಗದ ಕೈ ನನಗೆ."

ಆ ಕಣಿವೆಯಲ್ಲಿ ಹಲ್ಲಿಗೆ ಸಿಕ್ಕ ಚರೆಯನ್ನು ತಟ್ಟೆಯಂಚಿನಲ್ಲಿ ಇಟ್ಟು ಬೇಟೆಗಾರನನ್ನು ಹೊಗಳುವುದು ರೂಢಿ. ಹಲ್ಲು ಮುರಿದವರೂ ಹೊಗಳುತ್ತಾರೆ.

ಕಣ್ಣು ಮಂಜಾಗುತ್ತಿರುವುದು ಹಾಲ್ವರನಿಗೂ ಗೊತ್ತಿತ್ತು. ಈ ವರ್ಷ ಕೋವಿಗೆ ತೋಟಾ ಹಾಕಲೇ ಇಲ್ಲ. ಖಾಲಿ ಕೋವಿಯನ್ನು ಹೆಗಲಿಗೇರಿಸಿ ನಾಯಿಯ ಹಿಂದೆ ಬೆಟ್ಟ ಸುತ್ತಿ ಬರುತ್ತಿದ್ದ. ಆದರೆ ಕೋವಿ ಹೋದರೆ ಬೆಟ್ಟವೂ ಹೋದಂತೆಯೇ. ಬೇಟೆಗೆ ಹೊರಟವನನ್ನು ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ಎಪ್ಪತ್ತಾರರ ಮುದುಕ ಬರಿಗೈಯಲ್ಲಿ ಹಿಮಕ್ಕೆ ಹೊರಟರೆ ಓಸ್ಲೋದಲ್ಲಿರುವ ಮಗಳು ಫೋನಿನಲ್ಲೇ ಹಿಡಿದು ಕುರ್ಚಿಗೆ ಕಟ್ಟಿಹಾಕುತ್ತಾಳೆ. ಬೆಟ್ಟವಿಲ್ಲದ ದಿನಗಳನ್ನು ನೆನೆದರೆ ಅವನಿಗೆ ನಿಜಕ್ಕೂ ಭಯವಾಗುತ್ತಿತ್ತು.

ಈ ಐದು ಹಕ್ಕಿಗಳು ಕಣಿವೆಯಾಚೆಯವನೊಬ್ಬ ಉರುಳೊಡ್ಡಿ ಹಿಡಿದವು. ಒಂದು ಗಾಡಿ ಸೌದೆ ಕೊಟ್ಟು ತಂದದ್ದು. ಉರುಳಿಗೆ ಬಿದ್ದ ಹಕ್ಕಿಯಲ್ಲಿ ಚರೆ ಎಲ್ಲಿಂದ ಬರಬೇಕು? ತಾನೇ ಒಂದೆರಡು ಒತ್ತಿಬಿಡೋಣವೆಂದು ಲೆಕ್ಕ ಹಾಕಿದ್ದ. ಅವನು ನಾಯಿಗೆ ಅನ್ನ ಹಾಕಿ ಬರುವಷ್ಟರಲ್ಲಿ ರಗ್ನಿ ಹಕ್ಕಿಗಳನ್ನು ಸುಲಿದು ಪಾತ್ರೆಗೆ ಹಾಕಿ ಆಗಿತ್ತು.

ಕೊನೆಗೆ ಅವಳು ಕೆನೆ ತರಲು ನೆಲಮಾಳಿಗೆಗೆ ಇಳಿದಳು. ಹಾಲ್ವರ್ ಮುಚ್ಚಳ ಎತ್ತಿದ. ಹಬೆ ಮುಖಕ್ಕೆ ರಾಚಿತು. ಇದ್ದಬದ್ದ ದೃಷ್ಟಿಯೂ ಹೋಯಿತು. ಮೂರು ಚರೆಗಳೂ ಪಾತ್ರೆಯ ಹೊರಗೆ ಬಿದ್ದು ಒಲೆಯಡಿಗೆ ಉರುಳಿಹೋದವು. ಅಂಗಳದಲ್ಲಿ ಐವಿನ್‌ನ ಕಾರು ನಿಂತ ಸದ್ದಾಯಿತು.

ಐವಿನ್ ಮೀನಿನ ಪೊಟ್ಟಣವನ್ನು ತಂಗಿಯ ಕೈಗೆ ಕೊಟ್ಟ. "ಕೆರೆ ಮೇಲಿನ ಹಿಮಗಡ್ಡೆ ಕೊರೆದು ನಾನೇ ಗಾಳ ಹಾಕಿ ಹಿಡಿದಿದ್ದು," ಎಂದವನೇ ಹಾಲ್ವರನ ಕಡೆ ತಿರುಗಿದ. "ಮೊದಲು ಕೋವಿ."

ಹಾಲ್ವರ್ ಸೊಂಟದ ಬೀಗದ ಕೈಯಿಂದ ಬೀರು ತೆರೆದ. ಐವಿನ್ ಕೋವಿಯನ್ನು ನಡುವೆ ಮಡಚಿ ತೆರೆದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತು ನೋಡಿದ. ನಳಿಗೆಯೊಳಗೆ ಒಮ್ಮೆ ಉಫ್ ಎಂದು ಊದಿದ.

"ಭಾರೀ ಶುದ್ಧವಾಗಿದೆ. ಒಂದು ಸಲವೂ ಹೊಡೆಯದೇ ಇರೋ ಹಾಗೆ."

"ಎಣ್ಣೆ ಹಾಕಿ ಒರೆಸ್ತೀನಲ್ಲ, ಭಾವ."

"ಹೂಂ."

ಕನ್ನಡಕ ಕಾರಲ್ಲೇ ಉಳಿಯಿತೆಂದು ಐವಿನ್ ಹೊರಗೆ ಹೋದ. ಸ್ವಲ್ಪ ತಡವಾಗಿಯೇ ಬಂದ.

ಮೂವರೂ ಊಟಕ್ಕೆ ಕೂತರು. ಮೇಕೆ ಹಾಲಿನ ಕಂದು ಚೀಸ್, ಕೆನೆ, ಜುನಿಪರ್ ಕಾಯಿ ಹಾಕಿದ ಗೊಜ್ಜು ಮಾಂಸದ ಮೇಲೆ ಹೊಳೆಯುತ್ತಿತ್ತು. ಐವಿನ್ ಸಾಕ್ಷಿಯನ್ನು ವಿಚಾರಣೆ ಮಾಡುವವನ ಹಾಗೆ ಅಗಿದ. ಒಂದು ತುಂಡು ಮುಗಿಯಿತು. ಏನೂ ಇಲ್ಲ. ಎರಡನೆಯದರಲ್ಲಿ ಒಂದು ತುತ್ತಷ್ಟೇ ಉಳಿಯಿತು. ಅದರಲ್ಲೂ ಇಲ್ಲ.

"ಗೊಜ್ಜು ಚೆನ್ನಾಗಿದೆ, ರಗ್ನಿ."

ಅವನು ಚಾಕು ಕೆಳಗಿಟ್ಟ. ಹಾಲ್ವರ್ ಸೊಂಟದಿಂದ ಬೀಗದ ಕೈ ಬಿಚ್ಚತೊಡಗಿದ. ಕೇಳಿಸಿಕೊಂಡು ಕೊಡುವುದಕ್ಕಿಂತ ತಾನಾಗಿ ಕೊಡುವುದು ಮರ್ಯಾದೆ ಅನ್ನಿಸಿತ್ತು. ಐವಿನ್ ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಕೊನೆಯ ತುತ್ತು ಬಾಯಿಗಿಟ್ಟ.

ಟಣ್.

"ಅಯ್ಯೋ ಹಲ್ಲೇ!" ಐವಿನ್ ದವಡೆ ಹಿಡಿದುಕೊಂಡ. ಬಾಯಿಂದ ತೆಗೆದದ್ದನ್ನು ತಟ್ಟೆಯಂಚಿನಲ್ಲಿ ಇಟ್ಟ. "ಚರೆ. ಬೇಟೆಗಾರ ಅಂದ್ರೆ ನೀನಪ್ಪ. ಬೀಗದ ಕೈ ನಿನ್ನ ಹತ್ರಾನೇ ಇರ್ಲಿ."

ತಟ್ಟೆಗಳನ್ನು ಒಳಗೆ ಒಯ್ದ ಹಾಲ್ವರ್ ಅಡುಗೆಮನೆಯಲ್ಲಿ ಹೆಂಡತಿಯ ಕೈ ಹಿಡಿದುಕೊಂಡ.

"ನನ್ನನ್ನ ಬದುಕಿಸಿದೆ, ರಗ್ನಿ."

"ನಾನೇನು ಮಾಡ್ದೆ?"

"ಆ ಚರೆ ಹಾಕಿದ್ದು."

"ನಾನು ಹಾಕಿಲ್ಲ. ಸುಲಿಯೋವಾಗ್ಲೇ ಹಕ್ಕಿಗಳ ಕುತ್ತಿಗೆ ಮೇಲೆ ತಂತಿ ಗುರುತು ನೋಡ್ದೆ. ಚರೆ ಹಾಕೋಣ ಅಂದ್ರೆ ತೋಟಾ ಎಲ್ಲಾ ಬೀರುವಿನಲ್ಲಿ, ಬೀಗದ ಕೈ ನಿನ್ನ ಸೊಂಟದಲ್ಲಿ. ಊಟದಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ ನಾನು."

ಹಾಲ್ವರ್ ತಟ್ಟೆಯಂಚಿನ ಚರೆಯನ್ನು ಎತ್ತಿ ಬೆರಳ ನಡುವೆ ಉರುಳಿಸಿದ. ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯಿತು. ನಟ್ಟನಡುವೆ ಉಗುರು ಹೋಗುವಷ್ಟು ಸೀಳು. ಕೋವಿಯ ಚರೆಗೆ ಸೀಳಿರುವುದಿಲ್ಲ. ಗಾಳದ ದಾರಕ್ಕೆ ಕಚ್ಚಿಸುವ ಸೀಸಕ್ಕೆ ಇರುತ್ತದೆ.

ನಡುಮನೆಯಲ್ಲಿ ಐವಿನ್ ಓಸ್ಲೋಗೆ ಫೋನ್ ಮಾಡಿ ಗಟ್ಟಿಯಾಗಿ ಹೇಳುತ್ತಿದ್ದ: "ನಿಮ್ಮಪ್ಪನ ಕಣ್ಣಿಗೆ ಏನೂ ಆಗಿಲ್ಲಮ್ಮ, ಪೊಲೀಸಿನವನು ಹೇಳ್ತಿದೀನಿ, ನಂಬು."