ಉಗುರುಬೆಚ್ಚಗಿನ ನೀರು

“ಡಬ್ಬಿ ಇತ್ಲಾಗೆ ಕೊಡಿ ಅತ್ತಿಗೆ.”

ಮೈದುನ ಚೌಡೇಶ್ ಬಚ್ಚಲ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಂತಿದ್ದ. ರೋಜಾ ತಲೆಯೆತ್ತಲಿಲ್ಲ. ಅವಳ ಮುಂದಿದ್ದ, ಒಳಗಿನದು ಕಾಣುವಂಥ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದಿತ್ತು. ಒಳಗೆ ಕೊಳಕುಮಂಡಲ ಹಾವು ಬಾಡಿದ ಪಡವಲಕಾಯಿಯ ಹಾಗೆ ಬಿದ್ದಿತ್ತು. ಚರ್ಮ ಸುಕ್ಕುಗಟ್ಟಿತ್ತು, ಕಣ್ಣು ಗುಳಿಬಿದ್ದಿತ್ತು.

ಪಕ್ಕದ ಹಿತ್ತಲಿನ ಬೇಲಿಗೆ ಕಟ್ಟಿದ್ದ ಮೀನುಬಲೆಯಲ್ಲಿ ಸಿಕ್ಕಿ ಒಣಗುತ್ತಿದ್ದುದನ್ನು ಅವಳ ಗಂಡ ಮಾಲತೇಶ್ ನಿನ್ನೆ ಬಿಡಿಸಿ ಡಬ್ಬಿಗೆ ಹಾಕಿದ್ದ. ಆನವಟ್ಟಿ ಸುತ್ತ ಎಲ್ಲಿ ಹಾವು ಕಂಡರೂ ಫೋನು ಅವನಿಗೇ. ಶಿವಮೊಗ್ಗಕ್ಕೆ ಹೊರಡುವಾಗ ಅವನು ಹೇಳಿದ್ದು ಇಷ್ಟೇ: “ಪಾಪ, ಒಣಗಿ ಹೋಗೈತೆ. ನೀರಲ್ಲಿ ನೆನೆಸು. ಯಾರೂ ಹೊಡೀದಂಗೆ ನೋಡ್ಕೋ.”

ನೀರು ಉಗುರುಬೆಚ್ಚಗಿರಬೇಕು. ಹೊಟ್ಟೆ ನೆನೆಯುವಷ್ಟೇ ಇರಬೇಕು. ಹೆಚ್ಚಾದರೆ ಸೋತ ಹಾವು ತಲೆಯೆತ್ತಲಾರದೆ ಮುಳುಗುತ್ತದೆ. ಬಿಟ್ಟು ಏಳಬಾರದು. ಗಂಡನ ಜೊತೆ ಮಾಡಿ ಮಾಡಿ ರೋಜಾಳಿಗೆ ಇದೆಲ್ಲ ಬಾಯಿಪಾಠ. ಆದರೆ ಮನೆಯಲ್ಲಿ ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ಯಾರಿಗೆ ಬೇಕಿತ್ತು ಅಡುಗೆ! ಪಕ್ಕದ ಮನೆಯ ದುರುಗಮ್ಮನೇ ಬಿಸಿನೀರು ತಂದಳು.

ರೋಜಾ ತಣ್ಣೀರು ಬೆರೆಸಿ ಕೈ ಅದ್ದಿದಳು. ಬಿಸಿಯೋ ತಣ್ಣಗೋ, ಕೈಗೆ ತಿಳಿಯಲಿಲ್ಲ. ಮತ್ತೆ ಅದ್ದಿದಳು.

“ನೀವೇ ನೋಡಿ ದುರುಗಮ್ಮಾ. ನಂಗೆ ಗೊತ್ತಾಗ್ತಿಲ್ಲ.”

“ಸರಿಯಾಗಿದೆ ಕಣೇ.” ದುರುಗಮ್ಮ ಸೆರಗಿಗೆ ಕೈ ಒರೆಸಿಕೊಂಡಳು. “ಹಾವಿಗೆ ಹಾಲೆರೆದೋರನ್ನ ಕೇಳಿದ್ದೆ. ಸ್ನಾನ ಮಾಡಿಸೋರನ್ನ ಇವತ್ತೇ ನೋಡಿದ್ದು, ಮಾರಾಯ್ತಿ.”

ಮುಚ್ಚಳ ತೆಗೆಯದೆ, ತೂತಿನಿಂದಲೇ ರೋಜಾ ನೀರು ಸುರಿದಳು. ಹಾವು ಮಿಸುಕಲಿಲ್ಲ.

ಅಂಗಳದಲ್ಲಿ ಜನ ಸೇರುತ್ತಿದ್ದರು. ಒಳಗೆ ಇಣುಕುವ ಆಸೆ, ಹತ್ತಿರ ಬರಲು ಭಯ. ಯಾರದೋ ಫೋನು ಬಡಿದುಕೊಂಡಿತು. “ಗಾಡಿ ಶಿಕಾರಿಪುರ ದಾಟ್ತಂತೆ,” ಎಂದರು.

ಚೌಡೇಶ್ ಒಳಗೆ ಕಾಲಿಟ್ಟ. “ಸಾಕು. ಅಣ್ಣನ ಈ ಹಾವಿನ ಹುಚ್ಚು ಇವತ್ತಿಗೆ ಮುಗೀಲಿ.”

“ನಿಮ್ಮಣ್ಣ ಬರೋ ಹೊತ್ತಿಗೆ ಇದು ಬದುಕಿರಬೇಕು.”

“ಅಣ್ಣ ಬಂದು ಲೆಕ್ಕ ಕೇಳ್ತಾನಾ?”

“ಕೇಳಲ್ಲ. ಆದ್ರೂ ಹೇಳಿ ಹೋಗಿದಾರಲ್ಲ.”

ರೋಜಾ ಡಬ್ಬಿಗೂ ದೊಣ್ಣೆಗೂ ನಡುವೆ ಸರಿದು ಕೂತಳು. ಅವಳಿಗೆ ಹೆದರಿಕೆ ಇರಲಿಲ್ಲ. ಸಿಟ್ಟೂ ಇರಲಿಲ್ಲ. ಬೆಳಗಿನಿಂದ ಅವಳೊಳಗೆ ಏನೆಂದರೆ ಏನೂ ಇರಲಿಲ್ಲ. ಇದೊಂದು ಕೆಲಸ ಮಾತ್ರ ಇತ್ತು.

ಬಹಳ ಹೊತ್ತಿನ ಮೇಲೆ ಹಾವಿನ ನಾಲಿಗೆ ನೀರಿಗೆ ತಾಗಿತು. ಇನ್ನೊಮ್ಮೆ ತಾಗಿತು. ಆಮೇಲೆ ಬುಸ್ಸೆಂದು, ಡಬ್ಬಿ ಅದುರುವಂತೆ ಹೊಡೆಯಿತು.

“ಅಯ್ಯಪ್ಪಾ!” ದುರುಗಮ್ಮ ಹಿಂದಕ್ಕೆ ಹಾರಿದಳು. ಚೌಡೇಶನ ದೊಣ್ಣೆ ಮೇಲೆದ್ದಿತು. ಅತ್ತಿಗೆ ಜಾಗ ಬಿಟ್ಟು ಕದಲಲಿಲ್ಲ. ಅವನು ದೊಣ್ಣೆ ಬಿಸಾಡಿ ಹೊರಗೋಡಿದ.

ರಸ್ತೆಯಲ್ಲಿ ಗಾಡಿ ನಿಂತ ಸದ್ದಾಯಿತು. ರೋಜಾ ಡಬ್ಬಿ ವಾಲಿಸಿ ನೀರು ಬಸಿದಳು, ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿದಳು, ಎದ್ದು ಅಂಗಳಕ್ಕೆ ನಡೆದಳು. ಜನ ದಾರಿ ಬಿಟ್ಟರು.

ಗಾಡಿಯಿಂದ ಇಳಿಸಿ ಚಾಪೆಯ ಮೇಲೆ ಮಲಗಿಸಿದ್ದ ಮಾಲತೇಶನ ಮುಖದಿಂದ ಬಿಳಿ ಬಟ್ಟೆ ಸರಿಸಿ, ಅವಳು ಅವನ ಕಿವಿಯಲ್ಲಿ ಹೇಳಿದಳು: “ರೀ, ನಿಮ್ಮನ್ನ ಕಚ್ಚಿದ ಹಾವು ಬದುಕ್ತು.”